ಕೊರಳಪಟ್ಟಿ ಬಿಚ್ಚಿದ ದಿನ

ಸರ್ಕಾರ ನಿಷೇಧಿಸಿದ ಪದ ಬಾಯಿಗೆ ಬಂದರೆ ದನಿಯನ್ನೇ ನುಂಗುತ್ತಿದ್ದ ಕಡ್ಡಾಯದ ಕೊರಳಪಟ್ಟಿ ಕೊನೆಗೂ ರದ್ದಾಗಿ, ಊರವರೆಲ್ಲ ಆ ಬೆಳಿಗ್ಗೆ ಅದನ್ನು ಬಿಚ್ಚಿ ಎಸೆದಿದ್ದರು. ಅದರ ವಿರುದ್ಧ ಅರ್ಧ ಆಯುಷ್ಯ ಬಡಿದಾಡಿದ್ದ ಪೋಷಕನಟ ಗುರುಪಾದಪ್ಪ ಸಂಜೆ ಧಾರವಾಡದ ರಂಗದ ಮೇಲೆ ಎಂದಿನಂತೆ ಆಳಿನ ವೇಷದಲ್ಲಿ ನಿಂತರು.

“ಕಾಲು ಹಿಡಿ!” ಎಂದು ದೊರೆ ಗದರಿದ.

ಆಳಿನ ಮಾತು “ಇಲ್ಲ”. ಇಷ್ಟು ವರ್ಷ ಪಟ್ಟಿ ನುಂಗುತ್ತಿದ್ದ ಪದವದು. ರೂಢಿಯಂತೆ ಅವರ ತುಟಿಯಷ್ಟೇ ಆಡಿತು, ದನಿ ಹೊರಡಲಿಲ್ಲ. ಪಟ್ಟಿಯ ಜತೆ ಗಂಟಲೂ ಹೋಯಿತೇ ಎಂದು ಬರಿಗೊರಳು ಮುಟ್ಟಿ ನೋಡಿಕೊಂಡರು.

ಮಾತು ಮರೆತರೆಂದುಕೊಂಡ ಪ್ರಾಂಪ್ಟರ್ ಅಂಬಕ್ಕ ಪರದೆಯ ಹಿಂದಿನಿಂದ ಕೂಗಿದಳು: “ಇಲ್ಲ ಅನ್ರೀ ಕಾಕಾ, ಇಲ್ಲಾ!”

ಸಭೆಗೆಲ್ಲ ಕೇಳಿಸಿತು. ಗುರುಪಾದಪ್ಪನವರಿಗೆ ನಗು ಉಕ್ಕಿತು.

“ತಡೀಯವ್ವಾ, ನಾನೂ ಅಂತೇನಿ,” ಎಂದವರೇ ದೊರೆಯತ್ತ ತಿರುಗಿ, “ಇಲ್ಲ!” ಎಂದರು.

ದೊರೆ ಸಿಟ್ಟಾಗುವುದನ್ನು ಮರೆತು, ಸಿಂಹಾಸನದಿಂದೆದ್ದು ಚಪ್ಪಾಳೆ ತಟ್ಟಿದ.