ಆರನೆಯ ಪುಟದ ಖಾಲಿ ಜಾಗ

ಆರನೆಯ ಪುಟದಲ್ಲಿ ಹೆಸರಿನ ಜಾಗ ಈ ಸಲವೂ ಖಾಲಿ.

“ಆಸ್ತಿ ಕೊನೆಗೆ ಯಾರಿಗೆ ಅಂತ ಬರೆಯದೆ ಟ್ರಸ್ಟ್ ಆಗುವುದು ಹೇಗೆ ಅಮ್ಮ?” ವಕೀಲ ರೋಹಿತ್ ತನಗೇನೂ ಸಂಬಂಧವಿಲ್ಲದವನ ಹಾಗೆ ಕೇಳಿದ.

“ಮಗನ ಹೆಸರೇ ಬರೆಯುವುದು,” ಎಂದರು ಅನಂತಮತಿಯಮ್ಮ. “ಆದರೆ ಮಗ ಅಂದರೆ ಯಾರು ಅಂತ ಇನ್ನು ಸ್ವಲ್ಪ ದಿನ ನೋಡುವ. ಜಾಗ ಬಿಟ್ಟಿರು.”

ಮೂಡುಬಿದಿರೆ ಪೇಟೆಯಲ್ಲಿ ಅವರದ್ದು ಮೂರು ಮಾಳಿಗೆಯ ಕಟ್ಟಡ, ಕೆಳಗೆ ಐದು ಅಂಗಡಿ. ಮಾರ್ಚಿನಲ್ಲಿ ಒಬ್ಬರೇ ಬಸ್ಸು ಹತ್ತಿ ಬಿ.ಸಿ. ರೋಡಿನ ಅವನ ಆಫೀಸು ಹುಡುಕಿಕೊಂಡು ಬಂದಿದ್ದರು. ಮೂಡುಬಿದಿರೆಯಲ್ಲಿ ವಕೀಲರಿಲ್ಲವೇ ಎಂದು ರೋಹಿತ್ ಕೇಳಲಿಲ್ಲ. ಮನೆಗೆ ಬಂದ ಲಕ್ಷ್ಮಿಯ ವಿಳಾಸ ವಿಚಾರಿಸುವ ಅಭ್ಯಾಸ ಅವನಿಗಿರಲಿಲ್ಲ.

ಟ್ರಸ್ಟ್ ಎಂದರೆ ಎಲ್ಲವನ್ನೂ ಬಸದಿಗೋ ಶಾಲೆಗೋ ಬರೆದುಕೊಡುವುದೆಂದು ಅವರಿಗೆ ಅವತ್ತು ಹೆದರಿಕೆ. ಅವನು ಬಿಡಿಸಿ ಹೇಳಿದ್ದ.

“ಇದು ಮನೆಯ ಟ್ರಸ್ಟ್ ಅಮ್ಮ. ನೀವಿರುವಷ್ಟು ದಿನ ನೀವೇ ಯಜಮಾನಿ, ಬಾಡಿಗೆಯೂ ನಿಮ್ಮದೇ. ನಿಮ್ಮ ನಂತರ ನೀವು ಹೇಳಿದವರಿಗೆ ಹೋಗ್ತದೆ. ಮನಸ್ಸು ಬದಲಾಯಿತಾ, ರದ್ದು ಮಾಡಬಹುದು.”

“ಯಾವಾಗ ಬೇಕಾದರೂ?”

“ನಾಳೆಯೇ ಬೇಕಾದರೂ.”

“ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ ವಕೀಲರೇ.”

ಮಕ್ಕಳು? ಒಬ್ಬನೇ ಮಗ, ಬೆಳ್ತಂಗಡಿಯಲ್ಲಿ. ಏನು ಕೆಲಸ ಎಂದರೆ, “ಊರವರ ಕಷ್ಟವೆಲ್ಲ ಅವನಿಗೇ ಬೇಕು ಪಾಪ. ಮನೆಗೆ ಬರಲಿಕ್ಕೆ ಪುರುಸೊತ್ತಿಲ್ಲ,” ಎಂದು ನಿಟ್ಟುಸಿರಿಟ್ಟಿದ್ದರು. ರೋಹಿತನೂ ನಿಟ್ಟುಸಿರಿಟ್ಟ. ಒಳಗೊಳಗೇ ಎದೆ ಅರಳಿತು.

ಖಾಲಿ ಜಾಗ ಎರಡಿಂಚು ಉದ್ದವಿತ್ತು. ಒಂದು ದಿನ ಪೆನ್ಸಿಲಿನಲ್ಲಿ ತನ್ನ ಹೆಸರು ಬರೆದು ನೋಡಿ ಅಳಿಸಿದ. ಅಳತೆ ಸರಿಯಾಗಿತ್ತು.

ಅಲ್ಲಿಂದ ಶುರುವಾಯಿತು ಸೇವೆ. ಪ್ರತಿ ಗುರುವಾರ ಮೂಡುಬಿದಿರೆಗೆ ಕಾರು, ಅಲ್ಲಿಂದ ಫರಂಗಿಪೇಟೆಯ ಮೊಣಕಾಲಿನ ಡಾಕ್ಟರಲ್ಲಿಗೆ, ಸೂರ್ಯ ಮುಳುಗುವ ಮೊದಲು ಊಟಕ್ಕೆ ವಾಪಸು ಮನೆಗೆ. ಬೆನ್ನಿಗೊಂದು ದಿಂಬು, ಕೈಗೆ ಬಿಸಿನೀರಿನ ಬಾಟಲಿ. ಕೋರ್ಟಿನಲ್ಲಿ “ತಾಯಿಗೆ ಹುಷಾರಿಲ್ಲ” ಎಂದು ಕೇಸು ಮುಂದೆ ಹಾಕಿಸಿಕೊಳ್ಳುತ್ತಿದ್ದ. ಯಾರ ತಾಯಿ ಎಂದು ಜಡ್ಜರು ಕೇಳಲಿಲ್ಲ. ನಾಲ್ಕನೆಯ ವಾರಕ್ಕೆ ಅನಂತಮತಿಯಮ್ಮನ ಬಾಯಲ್ಲಿ ‘ವಕೀಲರೇ’ ಹೋಗಿ ‘ಮಗಾ’ ಬಂತು.

ಅವನಿಗೂ ತಾಯಿ ಇದ್ದರು. ವಿಟ್ಲದಲ್ಲಿ, ಸ್ವರ್ಣಲತಾ ಎಂದು ಹೆಸರು. ಅವರಿಗೂ ಮೊಣಕಾಲು ನೋವು. ಅದೇ ಡಾಕ್ಟರು.

“ಗುರುವಾರ ಒಂದು ಸಲ ಕರೆದುಕೊಂಡು ಹೋಗ್ತೀಯಾ ರೋಹಿತ್?” ಎಂದು ಫೆಬ್ರವರಿಯಲ್ಲಿ ಫೋನು ಮಾಡಿದ್ದರು.

“ಬಸ್ಸುಂಟಲ್ಲ ಅಮ್ಮ. ಒಂದು ಹೋದರೆ ಇನ್ನೊಂದು.”

ವಿಟ್ಲದ ಮನೆ, ಬಸ್‌ಸ್ಟ್ಯಾಂಡಿನ ಎರಡು ಅಂಗಡಿ ಹೇಗೂ ಒಬ್ಬನೇ ಮಗನದ್ದು. ಅದಕ್ಕೆ ಪೆಟ್ರೋಲು ಸುಡುವ ಅಗತ್ಯ ಕಾಣಲಿಲ್ಲ. ಮೊನ್ನೆ ಸುಮ್ಮನೆ ಮಾತಿಗೆ “ಬರಬೇಕಾ?” ಎಂದಿದ್ದಕ್ಕೆ ಅವರು, “ಬೇಡ ಮಾರಾಯ, ನನಗೀಗ ಕಾರು ಆಗಿದೆ,” ಎಂದಿದ್ದರು. ಯಾರ ಕಾರು ಎಂದೂ ಅವನು ಕೇಳಲಿಲ್ಲ. ಪಾಟೀಸವಾಲಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಮನುಷ್ಯ, ಕೋರ್ಟಿನ ಹೊರಗೆ ಪ್ರಶ್ನೆ ಕೇಳುವುದನ್ನು ಮರೆತೇಬಿಟ್ಟಿದ್ದ.

ಡಾಕ್ಟರಲ್ಲಿ ಅವನು ಹಿಂದಿನ ಓಣಿಯಲ್ಲಿ ಕಾರಿನಲ್ಲೇ ಕಾಯಬೇಕು. “ನೀನು ಒಳಗೆ ಬರಬೇಡ, ಎಲ್ಲ ಹೆಂಗಸರು. ಮೂರು ಗಂಟೆ ಕೂತರೆ ಒಬ್ಬರ ಸಂಸಾರ ಇನ್ನೊಬ್ಬರಿಗೆ ಬಾಯಿಪಾಠ,” ಎಂದು ಅನಂತಮತಿಯಮ್ಮ ನಗುತ್ತಿದ್ದರು. ಹೊರಗೆ ಬಂದ ಮೇಲೆ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದುಕೊಡುವರು. ಹೋಗುವಾಗ ಎಂದೂ ಇಲ್ಲ, ಬರುವಾಗಲೇ. ಒಳಗೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ, ಅಂದರೆ ಪುಂಡಿ, ಜೊತೆಗೆ ಬೆಳ್ಳುಳ್ಳಿ ಚಟ್ನಿ. ಅವನಿಗೆ ಸಣ್ಣಂದಿನಿಂದ ಪ್ರಾಣ.

ಗುಮಾಸ್ತ ಸಂದೇಶ್ ಒಂದು ಪುಂಡಿ ಬಾಯಿಗಿಟ್ಟು ಹುಬ್ಬೇರಿಸಿದ. “ಆ ಅಮ್ಮ ನೀರುಳ್ಳಿ ಸಹ ಮುಟ್ಟುವುದಿಲ್ಲ ಅಂತೀರಿ. ಬೆಳ್ಳುಳ್ಳಿ ಎಲ್ಲಿಂದ ಬಂತು ಸರ್?”

“ನನಗೋಸ್ಕರ ಮಾಡಿದ್ದು ಮಾರಾಯ. ಅದಕ್ಕೇ ಪ್ರೀತಿ ಅನ್ನುವುದು.”

“ಡಬ್ಬಿ ವಾಪಸು ಕೊಡು ಮಗಾ, ನನ್ನದಲ್ಲ ಅದು,” ಎಂದು ಅವರು ವಾರವಾರ ನೆನಪಿಸುತ್ತಿದ್ದರು. ಇವನು ವಾರವಾರ ಮರೆಯುತ್ತಿದ್ದ. ಕಾರಿನ ಹಿಂದಿನ ಸೀಟಿನಲ್ಲಿ ಐದು ಡಬ್ಬಿ ಸೇರಿದವು.

ಕೊನೆಗೆ ಆ ಮಾತು ಬಂತು. “ಈ ಗುರುವಾರ ಫೈಲು ಹಿಡಿದುಕೊಂಡು ಒಳಗೇ ಬಾ. ಹೆಸರು ಹೇಳ್ತೇನೆ.”

ರೋಹಿತ್ ಹೊಸ ಅಂಗಿ ಹಾಕಿಕೊಂಡು ಹೋದ. ವರಾಂಡದ ತುಂಬ ಮೊಣಕಾಲುಗಳು. ಎದುರಿನ ಬೆಂಚಿನಲ್ಲಿ ಅವನದೇ ವಯಸ್ಸಿನವನೊಬ್ಬ ಈ ಕಡೆಗೆ ಬೆನ್ನು ಹಾಕಿ, ಪಕ್ಕದಲ್ಲಿ ಮರೆಯಾಗಿದ್ದ ಯಾರಿಗೋ ಬಾಟಲಿಯ ಮುಚ್ಚಳ ತಿರುಗಿಸಿ ಕೊಡುತ್ತಿದ್ದ. ಅವನ ತೊಡೆಯ ಮೇಲೂ ಒಂದು ಫೈಲು.

“ಬರಿ,” ಎಂದರು ಅನಂತಮತಿಯಮ್ಮ. “ಶ್ರೇಯಾಂಸ್.”

ಪೆನ್ನು ನಿಂತಿತು. “ಅದು ಯಾರು ಅಮ್ಮ?”

“ನನ್ನ ಮಗ. ಬೆಳ್ತಂಗಡಿಯಲ್ಲಿ ವಕೀಲ. ನಿನ್ನ ಹಾಗೆಯೇ ಬಹಳ ಒಳ್ಳೆಯವ, ಬೇರೆಯವರ ಅಮ್ಮಂದಿರಿಗೆ.”

ಎದುರು ಬೆಂಚಿನವನ ಪೆನ್ನೂ ನಿಂತಿತ್ತು. “ರೋಹಿತಾ? ಅದು ಯಾರು ಅಮ್ಮ?” ಎಂದು ಪಕ್ಕದವರನ್ನು ಕೇಳುತ್ತ ಅವನು ಅತ್ತಿತ್ತ ನೋಡಿದ. ಅನಂತಮತಿಯಮ್ಮ ಕಂಡರು. ತೆರೆದ ಬಾಯಿ ಮುಚ್ಚಲಿಲ್ಲ.

“ಬಾಯಿ ಮುಚ್ಚು ಶ್ರೇಯಾಂಸ್,” ಎಂದರು ಅವರು. “ಮುಂದಿನ ಗುರುವಾರ ಯಾರು ಯಾರನ್ನು ಕರೆದುಕೊಂಡು ಬರುವುದು ಅಂತ ನೀವಿಬ್ಬರೇ ಮಾತಾಡಿಕೊಳ್ಳಿ. ರದ್ದು ಮಾಡುವುದು ಎರಡು ಫೈಲಿನಲ್ಲಿಯೂ ದಪ್ಪ ಅಕ್ಷರದಲ್ಲಿ ಉಂಟು.”

ಶ್ರೇಯಾಂಸನ ಹಿಂದಿನಿಂದ ಸ್ವರ್ಣಲತಾ ಇಣುಕಿದರು. “ರೋಹಿತ್, ನನ್ನ ಡಬ್ಬಿಗಳನ್ನು ತಂದಿದ್ದೀಯಾ?”