ಹಸಿರು ದೀಪ ಹೇಳಿದ ಸುಳ್ಳು

ಫೋನಿನ ಕಥೆ ಅಂದುಕೊಂಡು ಓದಲು ಶುರು ಮಾಡಿ... ಆಮೇಲೆ ಯಾರ ಕಥೆ ಅಂತ ನೀವೇ ಹೇಳಿ.

ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಅಲ್ಲಿ ಶಾಲ್ಮಲಾ ಎಂಬ ಹುಡುಗಿ ಒಂದು ಆ್ಯಪ್ ನೋಡಿಕೊಳ್ಳುತ್ತಿದ್ದಳು.

ಕಿವಿ ಕೇಳದ ತಾಯಂದಿರಿಗಾಗಿ ಮಾಡಿದ ಆ್ಯಪ್ ಅದು. ಮಗು ಅತ್ತರೆ ಸಾಕು, ಫೋನ್ ಗಡಗಡ ನಡುಗಿ, ಟಾರ್ಚ್ ಮಿನುಗಿಸಿ ತಾಯಿಯನ್ನು ಎಬ್ಬಿಸುತ್ತಿತ್ತು.

ಅದಕ್ಕೊಂದು ಹೊಸ ಅಪ್‌ಡೇಟ್ ಬರಬೇಕಿತ್ತು. ಅಳು ಗುರುತಿಸಲು ಹೊಸ ಲೈಬ್ರರಿ... ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಬಲು ಚುರುಕು! ಆದರೆ ಹಳೇ ಫೋನ್‌ಗಳಲ್ಲಿ ಅದು ನಡೆಯುತ್ತಿರಲಿಲ್ಲ. ಆ್ಯಪ್ ತೆರೆದ ಕೂಡಲೇ ಮುಚ್ಚಿಹೋಗುತ್ತಿತ್ತು.

ಶಾಲ್ಮಲಾ ಕೋಡಿನಲ್ಲಿ ಒಂದು ಸಾಲು ಸೇರಿಸಿದಳು... ಫೋನ್ ಹಳೆಯದಾಗಿದ್ದರೆ ಅಳು ಗುರುತಿಸುವ ಕೆಲಸ ಬಿಟ್ಟು ಮುಂದೆ ಹೋಗು, ಅಂತ.

ಆ್ಯಪ್ ಮುಚ್ಚಿಹೋಗುವುದು ನಿಂತಿತು. "ಒಂದೂ ಕ್ರ್ಯಾಶ್ ಇಲ್ಲ!" ಎಂದು ಟೀಮಿನವರು ಬೆನ್ನು ತಟ್ಟಿದರು. ಗಿರ್ಮಿಟ್, ಮಿರ್ಚಿ ಪಾರ್ಟಿಯೂ ಆಯಿತು.

ಅಪ್‌ಡೇಟ್ ಎಲ್ಲರ ಫೋನಿಗೂ ಹೋಯಿತು. ಹಳೇ ಫೋನಿನಲ್ಲಿ ಆ್ಯಪ್ ಮಗುವಿನ ಅಳು ಕೇಳುವುದನ್ನೇ ಬಿಟ್ಟಿತು... ಆದರೆ ಪರದೆಯ ಮೇಲಿನ ಹಸಿರು ದೀಪ, "ಕೇಳಿಸಿಕೊಳ್ಳುತ್ತಿದ್ದೇನೆ" ಎಂಬ ಮಾತು ಹಾಗೆಯೇ ಉಳಿದವು. ಅವನ್ನೂ ತೆಗೆಯಬೇಕೆಂದು ಆ ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ.

ಕೆಲವು ವಾರ ಕಳೆದ ಮೇಲೆ ಇಬ್ಬರು ಹೆಂಗಸರು ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಚಿಕ್ಕವಳು ಶಿವಲೀಲಾ, ಹುಟ್ಟಿನಿಂದಲೇ ಕಿವಿ ಕೇಳದು. ಮಗುವನ್ನು ಎತ್ತಿಕೊಂಡಿದ್ದ ಹಿರಿಯಾಕೆ ಅವಳ ಅತ್ತೆ ನೀಲವ್ವ.

ಶಿವಲೀಲಾಳ ಕೈಯಲ್ಲಿದ್ದ ಹಳೇ ಫೋನ್ ನೋಡಿ ಶಾಲ್ಮಲಾ ಉತ್ತರ ಸಿದ್ಧ ಮಾಡಿಕೊಂಡಳು. 'ಫೋನ್ ಹಳೇದಾಗೇತ್ರಿ, ಹೊಸಾದು ತಗೋರಿ' ಅಂದರೆ ಮುಗಿಯಿತಲ್ಲ!

ಆದರೆ ಶಿವಲೀಲಾ ಜಗಳಕ್ಕೆ ಬಂದಿರಲಿಲ್ಲ. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು...

"ಮೇಡಂ, ನಿಮ್ಮ ಆ್ಯಪ್ ಚೆನ್ನಾಗಿದೆ. ನಾನೇ ಸರಿ ಇಲ್ಲ. ಮಗು ಅತ್ತರೆ ನನಗೆ ಎಚ್ಚರ ಆಗುವುದಿಲ್ಲ. ಹೇಗೆ ಮಲಗಬೇಕು, ಹೇಳಿಕೊಡಿ."

ನೀಲವ್ವ ನಿಟ್ಟುಸಿರು ಬಿಟ್ಟರು. "ಒಂದಿನ ರಾತ್ರಿ ಕೂಸು ಅತ್ತು ಅತ್ತು ಉಸಿರು ಕಟ್ಟಿತ್ರಿ. ಈಕಿ ಬಾಜೂಕ ಮಲ್ಕೊಂಡಾಳ, ಗೊತ್ತೇ ಇಲ್ಲ! ಅವತ್ತಿಂದ ಕೂಸಿನ್ನ ನಾನೇ ಇಟ್ಕೊಂಡೀನಿ. ಹಾಲು ಕುಡಸಾಕ ಅಷ್ಟೇ ಈಕಿ ಕೈಯಾಗ ಕೊಡ್ತೀನಿ. ಏನ್ ಮಾಡ್ಲಿರಿ, ಹೆದರಿಕಿ ಆಗ್ತೈತಿ..."

ಅತ್ತೆಯ ತುಟಿ ನೋಡಿಯೇ ಮಾತು ತಿಳಿದುಕೊಂಡ ಶಿವಲೀಲಾ ತಲೆ ತಗ್ಗಿಸಿದಳು. ನಡುಕ ತಿಳಿಯಲೆಂದು ಅವಳು ಫೋನನ್ನು ಲಾಡಿಯಿಂದ ಮುಂಗೈಗೆ ಬಿಗಿದುಕೊಂಡು ಮಲಗುತ್ತಿದ್ದಳಂತೆ. ಮುಂಗೈ ಮೇಲೆ ಕೆಂಪು ಗುರುತು ಬಿದ್ದಿತ್ತು.

ಶಾಲ್ಮಲಾ ಫೋನ್ ತೆಗೆದುಕೊಂಡು ಆ್ಯಪ್ ತೆರೆದಳು; ಹಸಿರು ದೀಪ ಉರಿಯುತ್ತಲೇ ಇತ್ತು. ಕಣ್ಣು ಮಂಜಾಯಿತು. ಅದೇ ಫೋನಿನಲ್ಲಿ ಬರೆದಳು...

"ಅಕ್ಕಾ, ನಿಮ್ಮದು ತಪ್ಪಿಲ್ಲ. ಫೋನ್ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಕೇಳುತ್ತಿದ್ದೇನೆ ಎಂದು ಸುಳ್ಳು ಹೇಳುತ್ತಿತ್ತು. ಹಾಗೆ ಮಾಡಿದವಳು ನಾನು."

ಶಿವಲೀಲಾ ಓದಿದಳು. ಮತ್ತೆ ಓದಿದಳು... ಆಮೇಲೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅದು ಕೋಪದ ಅಳುವಲ್ಲ. ತಾನು ಕೆಟ್ಟ ತಾಯಿಯಲ್ಲ ಎಂದು ತಿಳಿದವಳ ಅಳು.

"ಆಯಮ್ಮಗ ಒಂದು ಹೊಸಾ ಫೋನ್ ಕೊಡಿಸಿ ಮುಗಿಸ್ರಿ," ಅಂದರು ವಿಷಯ ತಿಳಿದ ಮ್ಯಾನೇಜರ್.

"ಒಬ್ಬರಿಗೆ ಕೊಡಸಬಹುದು ಸರ್... ಆ ದೀಪ ನಂಬಿ ಮಲಗಿರೋ ಉಳಿದ ತಾಯಂದಿರಿಗೆ?" ಅಂದಳು ಶಾಲ್ಮಲಾ.

ಅವತ್ತೇ ಹಳೇ ಫೋನಿನವರಿಗೆಲ್ಲ ಎಚ್ಚರಿಕೆಯ ಮೆಸೇಜ್ ಹೋಯಿತು. ಶಾಲ್ಮಲಾ ಹಳೇ ಫೋನ್‌ಗಳಿಗೆ ಹಳೇ ವಿಧಾನವನ್ನೇ ಮರಳಿ ಜೋಡಿಸಿದಳು. ಅದೂ ನಡೆಯದ ಫೋನಿನಲ್ಲಿ ಹಸಿರು ದೀಪ ಆರಿ, "ಇಲ್ಲಿ ನನಗೆ ಕೇಳಿಸುವುದಿಲ್ಲ, ನನ್ನನ್ನು ನಂಬಬೇಡಿ" ಎಂದು ಬರುವಂತೆ ಮಾಡಿದಳು.

ಪರೀಕ್ಷೆಗೆ ಶಿವಲೀಲಾ ಮತ್ತೆ ಅದೇ ಹಳೇ ಫೋನ್ ಹಿಡಿದು, ಮಗುವನ್ನೆತ್ತಿಕೊಂಡ ಅತ್ತೆಯ ಜೊತೆ ಬಂದಳು. ಈಗ ಮಗು ಅಳಬೇಕು... ಅದೋ, ಎಲ್ಲರನ್ನೂ ನೋಡಿ ಕಿಲಕಿಲ ನಗುತ್ತಿದೆ! ಮ್ಯಾನೇಜರ್ ಹುಲಿಯಂತೆ ಘರ್ಜಿಸಿದರೆ ಅದಕ್ಕೆ ಇನ್ನೂ ಖುಷಿ.

ಕೊನೆಗೆ ಹಸಿವಾಯಿತು ನೋಡಿ... ಕಿಟಾರನೆ ಕಿರುಚಿತು.

ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದ ಶಿವಲೀಲಾಳ ಕೈಯಲ್ಲಿ ಫೋನ್ ನಡುಗಿತು, ಟಾರ್ಚ್ ಮಿನುಗಿತು. ಅವಳು ಗಕ್ಕನೆ ತಿರುಗಿ ಓಡಿ ಬಂದಳು.

ನೀಲವ್ವ ಎದ್ದು ನಿಂತು, ಸೊಸೆಗೆ ತಮ್ಮ ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು...

"ತಗೋ ಯವ್ವಾ. ಇನ್ನ ಮ್ಯಾಲೆ ನಿನ್ನ ಕೂಸು ನಿನ್ನ ಮಗ್ಗಲದಾಗ ಮಲಗಲಿ."

*

ಕೈಲಾಗದು ಎನ್ನುವುದು ತಪ್ಪಲ್ಲ... ಕೈಲಾಗದ್ದನ್ನು ಮಾಡುತ್ತಿರುವಂತೆ ತೋರಿಸುವುದು ತಪ್ಪು.

ನಿಮ್ಮ "ಹೂಂ, ನೋಡ್ಕೋತೀನಿ" ಎಂಬ ಮಾತನ್ನು ನಂಬಿ, ಯಾರಾದರೂ ಇವತ್ತು ತಮ್ಮನ್ನೇ ತಾವು ದೂಷಿಸಿಕೊಳ್ಳುತ್ತಿದ್ದಾರಾ?