ಬರ್ತೀನಿ ಅಂದ್ರೆ?

"ಇವನ್ಯಾಕೋ ಒಳಗೆ ಬರ್ತಿದಾನೆ?" ಅಂದ ಅಣ್ಣ.

ಕಂಪ್ಯೂಟರ್ ಪರದೆಯ ಮೇಲಿದ್ದ 'ಇವನು' ಬೇರೆ ಯಾರೂ ಅಲ್ಲ, ಅಣ್ಣನೇ. ಗಿಟಾರು ಬೆನ್ನಿಗೇರಿಸಿಕೊಂಡು ಎರಡೆರಡು ಮೆಟ್ಟಿಲು ಹಾರಿ ಬರುತ್ತಾನೆ, ಬಾಗಿಲು ತೆರೆಯುತ್ತದೆ, ಡ್ರಮ್ಸ್ ಧಡಧಡ ಶುರುವಾಗುತ್ತದೆ, ತಂಗಿ ಗಂಟಲು ಹರಿಯುವ ಹಾಗೆ 'ಬರ್ತೀನೀ... ಬರ್ತೀನೀ...' ಅಂತ ಹಾಡುತ್ತಾಳೆ. ಅವರ ರಾಕ್ ಬ್ಯಾಂಡಿನ ಮೊದಲ ಸಿಂಗಲ್ ಹಾಡು, ಬರೆದವನು ಅಣ್ಣ. ನಾಳೆ ಬಿಡುಗಡೆ.

"ಹಾಡಲ್ಲೇ ಬರ್ತೀನಿ ಅಂತಿದೆಯಲ್ಲಪ್ಪ, ಅದಕ್ಕೇ ಬರ್ತಿದಾನೆ," ಅಂದ ವಿಡಿಯೊ ಮಾಡಿದ ಗೆಳೆಯ. ಸ್ನಾನಕ್ಕೂ ಟೋಪಿ ತೆಗೆಯಲ್ಲ ಅಂತ ಎಲ್ಲರೂ ಅವನನ್ನು ಟೋಪಿ ಅಂತಲೇ ಕರೆಯುತ್ತಿದ್ದರು.

"ಅದು ಹೊರಡೋವಾಗ ಹೇಳೋ ಬರ್ತೀನಿ ಕಣೋ! ಮನೆ ಬಿಟ್ಟು ಹೊರಡೋನು ಹೋಗ್ತೀನಿ ಅಂತಾನಾ?"

ತಂಗಿಗೆ ತಲೆ ಗಿರ್ರೆಂದಿತು. ಅವಳು ಹಾಡಿದ್ದು ಮನೆಗೆ ಓಡೋಡಿ ಬರುವವನ ಖುಷಿಯಲ್ಲಿ. "ರೆಕಾರ್ಡಿಂಗಲ್ಲಿ ಯಾಕಣ್ಣ ಬಾಯೇ ಬಿಡ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿ ಹಾಡ್ತಿದ್ದೆ. ಹೇಳೋಕೆ ಮನಸ್ಸಾಗ್ಲಿಲ್ಲ."

"ಮೆಟ್ಟಿಲು ಹತ್ತು ಅಂದಾಗ ಕುರಿ ಥರ ಹತ್ತಿದ್ಯಲ್ಲೋ!" ಅಂದ ಟೋಪಿ.

"ಹತ್ತಿಸಿದೋನು ಇಳಿಸ್ತೀಯ ಅಂದ್ಕೊಂಡೆ!"

ತಂಗಿ ನಗಲು ಹೋಗಿ ನಿಲ್ಲಿಸಿದಳು. "ಅಣ್ಣಾ, ಹಾಡಲ್ಲಿ ಹೊರಟಿರೋದು ಯಾರು?"

"ಯಾರೋ ಒಬ್ಬ. ಹಾಡು ಕಣೇ ಅದು," ಅಂದವನು ಕೇಬಲ್ ಸುತ್ತತೊಡಗಿದ.

"ತಾಳ್ರಪ್ಪ, ಉಲ್ಟಾ ಓಡಿಸ್ತೀನಿ," ಅಂದ ಟೋಪಿ ಹಾಡನ್ನು ಹಾಗೇ ಬಿಟ್ಟು ಚಿತ್ರವನ್ನಷ್ಟೇ ತಿರುಗಿಸಿದ. ಈಗ ಪರದೆಯ ಅಣ್ಣ ಹಿಂದಹಿಂದಕ್ಕೆ ನಡೆದು ಬಾಗಿಲು ದಾಟಿದ. ಬಾಗಿಲು ಮುಚ್ಚಿಕೊಂಡಿತು. ಮೆಟ್ಟಿಲು ಇಳಿದ, ಮುಖ ಮಾತ್ರ ಮನೆ ಕಡೆಗೇ. ಟೋಪಿ ಬಿದ್ದು ಬಿದ್ದು ನಕ್ಕ. ತಂಗಿ ಪರದೆಯ ಹತ್ತಿರ ಬಗ್ಗಿ ಆ ಮುಖವನ್ನೇ ನೋಡಿದಳು.

"ಇದೇ ಸರಿ," ಅಂದ ಅಣ್ಣ. ಗಿಟಾರು ಬೆನ್ನಿಗೇರಿಸಿದ. ಬ್ಯಾಂಡ್ ಶುರುವಾದಾಗಿನಿಂದ ಅಭ್ಯಾಸದ ಆ ಕೋಣೆಯ ಮೂಲೆ ಬಿಟ್ಟು ಕದಲದಿದ್ದ ತನ್ನ ಆಂಪ್ಲಿಫೈಯರನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಅದ್ಯಾಕೆ ಈಗ?" ಅಂದಳು ತಂಗಿ.

"ರಿಪೇರಿಗೆ. ಕರಕರ ಅಂತಿದೆ."

ಬೆಳಿಗ್ಗೆಯಷ್ಟೇ ಅದು ಗಂಟೆ ಹೊಡೆದ ಹಾಗೆ ನುಡಿದಿತ್ತು. ಇಲ್ಲಾ, ಒಮ್ಮೆ ಕರಕರ ಅಂದಿತ್ತೋ ಏನೋ.

ಕೈ ಖಾಲಿಯಿಲ್ಲದ ಅಣ್ಣ ಬೆನ್ನಿನ ಗಿಟಾರಿನಿಂದಲೇ ಬಾಗಿಲು ನೂಕಿ, ಅವಳನ್ನೇ ನೋಡುತ್ತಾ ಹಿಂದಹಿಂದಕ್ಕೆ ಹೆಜ್ಜೆಯಿಟ್ಟ.

"ಬರ್ತೀನಿ ಕಣೇ."

"ಯಾವ ಬರ್ತೀನಿ?" ಅಂತ ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.